ಶಾರ್ವರಿಯ ಯುಗಾದಿ ಮತ್ತು ಅವ್ವನ ಎಂಬತ್ತು



ನಿಮ್ಮಲ್ಲಿ ಅನೇಕರ ಜನ್ಮದಿನಾಂಕ ಜೂನ್ 1 ಎಂದು ದಾಖಲಾಗಿರುವುದಕ್ಕೆ ನನ್ನಂಥ ಶಿಕ್ಷಕರೇ ಹೊಣೆ. ತಂದೆಯಾದವನು 'ಸೀಗಿ ಹುಣ್ಣಿಮಿ ಮುಂದ ಹುಟ್ಟ್ಯಾನ್ರೀ ಸರ' ಎಂದಷ್ಟೇ ಹೇಳಿದರೆ, ನಾವು ಪ್ರವೇಶ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದೆವು. ಶಾಲೆಯ ಮೆಟ್ಟಿಲು ಹತ್ತದ ನನ್ನ ಅವ್ವನಿಗೆ ಈ ತೊಂದರೆ ಇರಲಿಲ್ಲ. ಅವಳು ಹುಟ್ಟಿದ್ದು 1940ರ ವಿಕ್ರಮ ಸಂವತ್ಸರದ ಯುಗಾದಿಯಂದು. ಅದರಂತೆ 2020ರ ಮಾರ್ಚ್ 25ರ ಯುಗಾದಿಗೆ ಅವಳಿಗೆ ಎಂಬತ್ತು ತುಂಬುವುದಿತ್ತು. ಅಂದು ಆರಂಭವಾಗಲಿದ್ದ ಸಂವತ್ಸರದ ಹೆಸರು ಶಾರ್ವರಿ, ಅಂದರೆ ರಾತ್ರಿ.

ಶಿರೂರಿನ ನಮ್ಮ ಮನೆಯಲ್ಲಿ ಅರವತ್ತು ಜನರ ಊಟಕ್ಕೆ ಸಿದ್ಧತೆ ನಡೆದಿತ್ತು. ಅಡುಗೆಯವರಿಗೆ ಮುಂಗಡ ಕೊಟ್ಟಾಗಿತ್ತು. ಪರಿಚಯದ ನೇಕಾರರೊಬ್ಬರ ಮಗ್ಗದ ಮೇಲೆ ಟೋಪಿ ತೆನಿ ಸೆರಗಿನ ಇಳಕಲ್ ಸೀರೆ ಏರಿತ್ತು.

ಇತ್ತ ರೋಗದ ಸುದ್ದಿ ಹತ್ತಿರವಾಗುತ್ತಿತ್ತು. ಕೊರೋನಾದಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ನಮ್ಮದೇ ರಾಜ್ಯದ ಕಲಬುರಗಿಯ ವೃದ್ಧರೊಬ್ಬರದೆಂದು ಮಾರ್ಚ್ 12ರಂದು ದೃಢಪಟ್ಟಿತ್ತು. ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. ಅಂದು ಸಂಜೆ ಅವ್ವ ನನ್ನನ್ನು ಕರೆದು, ಯಾರೂ ಬರುವುದು ಬೇಡವೆಂದು ಫೋನು ಮಾಡಲು ಹೇಳಿದಳು. ನನಗೆ ಸಿಟ್ಟು ಬಂತು. ಮೂರು ದಿನದಲ್ಲಿ ಏನಾಗುತ್ತದೆ ಎಂದು ವಾದಿಸಿದೆ. ಇತಿಹಾಸ ಕಲಿಸಿದ ಮೇಷ್ಟರಿಗೆ ಆಗ ಅಕ್ಷರ ಬಾರದ ಅವ್ವ ಇತಿಹಾಸದ ಪಾಠ ಹೇಳಿದಳು.

ಆಗ ನಮ್ಮ ಊರುಗಳು ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. 1896ರಲ್ಲಿ ಮುಂಬೈಗೆ ಕಾಲಿಟ್ಟ ಪ್ಲೇಗು ಒಳನಾಡಿಗೂ ಹಬ್ಬಿದಾಗ, ಜನ ಊರು ತೆರವು ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ದಿನ ಕಳೆದರು. ಆ ಪ್ಲೇಗಿಗಾಗಿ ಬ್ರಿಟಿಷರು ತಂದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿಯೂ ಸರ್ಕಾರ ಕೈಗೆತ್ತಿಕೊಂಡಿತು. 1918ರ ಇನ್‌ಫ್ಲುಯೆಂಜಾ ಅದಕ್ಕಿಂತಲೂ ಘೋರವಾದುದು. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಅದಕ್ಕೆ ಬಲಿಯಾದರು. ಅವ್ವನ ಅಜ್ಜಿಯ ಮನೆಯಲ್ಲಿ ಆ ವರ್ಷ ಒಂದು ಮದುವೆ ನಡೆದು, ವಾರದೊಳಗೆ ಇಬ್ಬರು ಮಕ್ಕಳು ತೀರಿಕೊಂಡಿದ್ದರು.

"ಆ ಮದವಿ ಮುಂದ ಹಾಕಿದ್ರ ಇಬ್ರೂ ಉಳೀತಿದ್ರು ಅಂತ ನಮ್ಮಜ್ಜಿ ಸಾಯೂತನಾ ಅಂತಿದ್ಲು. ನನ್ನ ಹುಟ್ಟಿದ ದಿನಾ ಮುಂದಿನ ವರ್ಷನೂ ಬರತೈತಿ ತಮ್ಮಾ" ಎಂದಳು.

ನಾನು ಫೋನು ಹಿಡಿದು ಕುಳಿತೆ. ಮರುದಿನ ಸಂಜೆ ರಾಜ್ಯವಿಡೀ ಬಂದ್ ಎಂದು ಘೋಷಣೆಯಾಯಿತು. 24ರ ರಾತ್ರಿ ಎಂಟಕ್ಕೆ ಪ್ರಧಾನಮಂತ್ರಿಗಳು 21 ದಿನಗಳ ಲಾಕ್‌ಡೌನ್ ಸಾರಿದರು. ಅವ್ವನ ಮಾತು ಮೀರಿದ್ದರೆ ಸೊಲ್ಲಾಪುರದಿಂದ, ಬೆಂಗಳೂರಿನಿಂದ ಹೊರಟವರು ದಾರಿಯಲ್ಲೇ ಸಿಕ್ಕಿಬೀಳುತ್ತಿದ್ದರು.

ಯುಗಾದಿಯಂದು ಮನೆಯಲ್ಲಿ ನಾವು ನಾಲ್ವರೇ. ಬೇವು-ಬೆಲ್ಲ ಹಂಚಿಕೊಂಡೆವು, ಹೋಳಿಗೆ ಮಾಡಿದೆವು, ಅವ್ವನಿಗೆ ಆರತಿ ಎತ್ತಿದೆವು. ನೇಕಾರರು ಸೀರೆಯನ್ನು ಕಟ್ಟೆಯ ಮೇಲಿಟ್ಟು ದೂರದಿಂದಲೇ ಕೈಮುಗಿದರು. ಮುಂದೆ ನೂಲು ಬಾರದೆ, ಮಾರಾಟವಾಗದೆ, ಅವರ ಮಗ್ಗವೂ ನಿಂತಿತು. ಮೇ ತಿಂಗಳಲ್ಲಿ ಸರ್ಕಾರ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿಯ ನೆರವು ಘೋಷಿಸಿತು. ಸೊಲ್ಲಾಪುರದ ನನ್ನ ಸೋದರಮಾವ ಅಂದು ಫೋನಿನಲ್ಲಿ, "ಅಕ್ಕಾ, ನನ್ನ ಪಾಲಿನ ಹೋಳಗಿ ಎತ್ತಿಡು" ಎಂದು ನಕ್ಕಿದ್ದರು.

2021ರ ಯುಗಾದಿ ಎರಡನೆಯ ಅಲೆಯಲ್ಲಿ ಮುಳುಗಿತು. ಆ ಮೇ ತಿಂಗಳಲ್ಲಿಯೇ ಸೋದರಮಾವ ಹೋದರು. 2022ರ ಯುಗಾದಿಗೆ ಎಲ್ಲರೂ ಬಂದರು. ಅವ್ವ ಅದೇ ಸೀರೆ ಉಟ್ಟಳು. ಊಟಕ್ಕೆ ಕುಳಿತಾಗ ತನ್ನ ಪಕ್ಕದಲ್ಲಿ ಒಂದು ಎಲೆ ಹಾಕಿಸಿ, ಅದಕ್ಕೆ ಮೊದಲ ಹೋಳಿಗೆ ಬಡಿಸಿದಳು.

ಅಂದು ಅವಳು ಹೇಳಿದ್ದು ಸರಿಯಾಗಿತ್ತು. ಹುಟ್ಟಿದ ದಿನ ಮತ್ತೆ ಬಂದಿತ್ತು.