ಧೂಪದ ಮರ ಯಾವುದು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡುಗಳಲ್ಲಿ ‘ಧೂಪದ ಮರ’ ಒಂದಲ್ಲ. ಸಾಲುಧೂಪ ಬೇರೆ, ಕರಿಧೂಪ ಬೇರೆ. ಎರಡರ ಅಂಟನ್ನು ಕೆಂಡಕ್ಕೆ ಹಾಕಿದರೂ ಪರಿಮಳದ ಹೊಗೆಯೇ. ಹಾಗಾಗಿ ಹೆಸರೊಂದನ್ನೇ ನಂಬುವಂತಿಲ್ಲ.

ಹಾಗಾದರೆ ನಂಬುವುದು ಯಾವುದನ್ನು? ಹೂಕರ್ ಸಾಹೇಬರ ಏಳು ಸಂಪುಟಗಳು 1872ರಿಂದ 1897ರವರೆಗೆ ಬಂದವು. ಅವು ಇಡೀ ಬ್ರಿಟಿಷ್ ಇಂಡಿಯಾದ ಸಸ್ಯಗಳಿಗೆ ಸೇರಿದವು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರವನ್ನು ಕನ್ನಡದ ಮನೆಗಳಿಗೆ ತಂದಿತು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆಯಿತು. 1980ರ ದಶಕದ ಆರಂಭದಲ್ಲಿ ಯೋಗನರಸಿಂಹನ್, ಸುಬ್ರಹ್ಮಣ್ಯಂ, ರಜಿ ಅವರು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಸಸ್ಯಗಳನ್ನೇ ದಾಖಲಿಸಿದರು. ಅದು ಇಂಗ್ಲಿಷಿನಲ್ಲಿದೆ.

ಆದರೆ ಕಾಡಿನ ಮರದ ಹೂವು ನಮ್ಮ ಕೈಗೆ ಎಟುಕುವುದೆಲ್ಲಿ? ಈ ಕಷ್ಟಕ್ಕೆ ಪುದುಚೇರಿಯ ಫ್ರೆಂಚ್ ಸಂಸ್ಥೆ ದಾರಿ ತೋರಿತು. ಪಾಸ್ಕಲ್ ಮತ್ತು ರಮೇಶ್ ಬರೆದು 1987ರಲ್ಲಿ ಹೊರಬಂದ ಅದರ ಕೈಪಿಡಿ ಎಲೆ, ತೊಗಟೆ, ಹಾಲಿನಿಂದಲೇ ಮರ ಗುರುತಿಸಲು ಕಲಿಸುತ್ತದೆ. ಸಾಲುಧೂಪದ್ದು ಬಿಡಿ ಎಲೆ. ಕರಿಧೂಪದ್ದು ಒಂದೇ ಕಡ್ಡಿಗೆ ಹಲವು ಎಲೆ. ಅಷ್ಟು ನೋಡಿದರೆ ಸಂಶಯ ಹರಿಯಿತು.

ಉಪ್ಪಾಗೆಯ ಬೀಜದಿಂದ ತುಪ್ಪ ತೆಗೆಯುವುದನ್ನು ನಾವು ಕಲಿತದ್ದು ಮಾತ್ರ ಅಜ್ಜಿಯರಿಂದ, ಪುಸ್ತಕದಿಂದಲ್ಲ. ಅವರು ಹೋದರೆ ಆ ಅರಿವೂ ಹೋಯಿತು. ಆದ್ದರಿಂದ ಬಿದ್ದ ಎಲೆಯೊಂದನ್ನು ಹಳೇ ಪೇಪರಿನ ನಡುವೆ ಒಣಗಿಸಿ, ಊರು, ತಾರೀಖು, ಹಿರಿಯರು ಹೇಳಿದ ಹೆಸರು ಬರೆದಿಡಿ. ಪುಸ್ತಕಕ್ಕೆ ಅದು ಸಾಕ್ಷಿ, ಮೊಮ್ಮಕ್ಕಳಿಗೆ ಆಸ್ತಿ.