ಊರ ಮುಂದಣ ಬರಹ: ಮಸ್ಕಿ ಪ್ರಾಂತದ ಸಾಕ್ಷ್ಯ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯ ನಡುವೆ ಮಸ್ಕಿಯಿದೆ. ನಗರಗಳ ಪ್ರವೇಶಮಾರ್ಗಗಳಲ್ಲಿ ಸ್ವಾಗತಫಲಕಗಳನ್ನು ನಿಲ್ಲಿಸುವುದು ಈಚಿನ ಪೌರಾಡಳಿತದ ಪದ್ಧತಿಯೆಂದು ಭಾವಿಸುವುದು ವಾಡಿಕೆ. ಆದರೆ ಬಂದವರು ಓದಲೆಂದು ಬರಹವನ್ನು ಬಯಲಲ್ಲಿ ನಿಲ್ಲಿಸುವ ಕಾರ್ಯವು ಈ ಪ್ರಾಂತದಲ್ಲಿ ೨,೨೦೦ ವರ್ಷಗಳಿಗೂ ಹಿಂದಿನದು. ಅಂಥ ಬರಹವು ಯಾರ ಹೆಸರನ್ನು ಹೇಳಬೇಕು, ಯಾರಿಗೆ ತಿಳಿಯಬೇಕು ಎಂಬ ಎರಡು ಪ್ರಶ್ನೆಗಳಿಗೆ ಆಯಾ ಕಾಲದವರು ಕೊಟ್ಟ ಉತ್ತರಗಳು ಇಲ್ಲಿಯ ಕಲ್ಲುಗಳಲ್ಲಿ ಉಳಿದಿವೆ.

ಮಸ್ಕಿಯ ಬೆಟ್ಟದ ಇಳಿಜಾರಿನ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಕಿರು ಶಿಲಾಶಾಸನವಿದೆ. ಇದು ಪುರದ್ವಾರದ ಬರಹವಲ್ಲವಾದರೂ ಪ್ರಜೆಗಳೆಲ್ಲರನ್ನೂ ಉದ್ದೇಶಿಸಿದ ಬರಹ. ಧರ್ಮದಲ್ಲಿ ನೆಲೆಗೊಂಡರೆ ಹಿರಿಯನಂತೆ ಕಿರಿಯನೂ ಶ್ರೇಯಸ್ಸನ್ನು ಪಡೆಯಬಲ್ಲನೆಂಬುದು ಅದರ ತಾತ್ಪರ್ಯ. ಇದರ ಸ್ಥಾಪನೆಯ ಕ್ರಮವೂ ಆಕಸ್ಮಿಕವಾದುದಲ್ಲ. ಈ ವಿಷಯವನ್ನು ಬೆಟ್ಟಗಳ ಮೇಲೂ, ಶಿಲಾಸ್ತಂಭಗಳಿರುವಲ್ಲಿ ಅವುಗಳ ಮೇಲೂ ಬರೆಯಿಸಬೇಕೆಂಬ ಆಜ್ಞೆಯು ರೂಪನಾಥದ ಪಾಠದಲ್ಲಿದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಇದನ್ನು ಕಳುಹಿಸಿದರೆಂದು ಬ್ರಹ್ಮಗಿರಿಯ ಪಾಠವು ತಿಳಿಸುತ್ತದೆ. ಲಿಪಿಕಾರನಾದ ಚಪಡನ ಹೆಸರೂ ಅಲ್ಲಿಯೇ ದೊರೆಯುತ್ತದೆ. ಹೀಗೆ ಆಜ್ಞೆ, ರವಾನೆ, ಸ್ಥಳದ ಆಯ್ಕೆ, ಲೇಖನ ಎಂಬ ನಾಲ್ಕು ಅಂಗಗಳೂ ಆಗಲೇ ಏರ್ಪಟ್ಟಿದ್ದುವು.

ಇಷ್ಟಾದರೂ ಆ ಬರಹವು ಮೂಕವಾಯಿತು. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಲಿಪಿಯನ್ನು ಬಲ್ಲವರು ಇಲ್ಲವಾದ ಮೇಲೆ ಬಂಡೆಯ ಬಳಿ ಸುಳಿದಾಡಿದವರಿಗೆ ಅದು ಬರಿಯ ಗೀಟುಗಳಾಗಿ ಕಂಡಿರಬೇಕು. ಪ್ರಿನ್ಸೆಪ್ ಪಂಡಿತನು ೧೮೩೭ರಲ್ಲಿ ಬ್ರಾಹ್ಮಿಯನ್ನು ಓದಿದನು, ಚಿನ್ನದ ಗಣಿಗಳ ಎಂಜಿನಿಯರನಾದ ಬೀಡನ್ ಎಂಬವನು ೧೯೧೫ರಲ್ಲಿ ಮಸ್ಕಿಯ ಶಾಸನವನ್ನು ಕಂಡನು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದರು. ‘ದೇವಾನಾಂಪ್ರಿಯ’ನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರು ಅವನದೇ ಶಾಸನದಲ್ಲಿ ದೊರೆತುದು ಅದೇ ಮೊದಲು. ಆದರೆ ಆ ಬರಹದಲ್ಲಿ ಬರೆಯಿಸಿದವನ ಹೆಸರಿದೆ, ಊರ ಹೆಸರಿಲ್ಲ.

ಊರ ಹೆಸರು ಚಾಳುಕ್ಯರ ಕಾಲದಲ್ಲಿ ಕಾಣಿಸುತ್ತದೆ. ಇಮ್ಮಡಿ ಜಯಸಿಂಹನ ಕ್ರಿ. ಶ. ೧೦೨೭ರ ಶಾಸನದಲ್ಲಿ ಈ ಸ್ಥಳವು ರಾಜಧಾನಿ ‘ಪಿರಿಯ ಮೊಸಂಗಿ’ ಎನಿಸಿದೆ. ಪಿರಿಯ ಎಂಬುದು ಇಂದಿನ ‘ಹಿರಿಯ’ ಎಂಬ ಕನ್ನಡ ಮಾತೇ ಆಗಿದೆ. ರಾಜಧಾನಿಯೆಂಬ ಪದವಿ ಹೋದರೂ ಹೆಸರು ಸವೆದು ಮಸ್ಕಿಯಾಗಿ ಉಳಿಯಿತು.

ಬರಹವನ್ನು ನಿಲ್ಲಿಸುವ ಶ್ರಮಕ್ಕೆ ರಾಯಚೂರಿನ ಕೋಟೆಯು ನಿದರ್ಶನ. ಕಾಕತೀಯರ ಕಾಲದಲ್ಲಿ, ೧೨೯೪ರಲ್ಲಿ, ಗೋರೆ ಗಂಗಯರೆಡ್ಡಿಯು ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಸಾರುವ ತೆಲುಗು ಶಾಸನವು ಅಲ್ಲಿ ಸುಮಾರು ೪೧ ಅಡಿ ಉದ್ದದ ಒಂದೇ ಕಲ್ಲಿನ ಮೇಲಿದೆ. ಆ ಕಲ್ಲನ್ನು ಗಾಡಿಯ ಮೇಲೆ ಸಾಗಿಸಿದ ಬಗೆಯನ್ನು ಗೋಡೆಯಲ್ಲಿಯೇ ಚಿತ್ರಿಸಿದ್ದಾರೆ. ಎಳೆದು ತಂದವರ ಹೆಸರು ಇಲ್ಲದಿದ್ದರೂ ಅವರ ದುಡಿಮೆಗೆ ಅಷ್ಟುಮಟ್ಟಿನ ಮನ್ನಣೆ ದೊರೆತುದು ಗಮನಾರ್ಹ.

ಮುಂದೆ ಆಳಿಕೆಗಳು ಬದಲಾದಂತೆ ಅಧಿಕೃತ ಭಾಷೆಗಳೂ ಬದಲಾದುವು. ಬಿಜಾಪುರದ ಸುಲ್ತಾನರಲ್ಲಿ ಪಾರಸಿಯೂ ನಿಜಾಮರ ಕಡೆಗಾಲದಲ್ಲಿ ಉರ್ದುವೂ ಸರಕಾರದ ಭಾಷೆಗಳಾಗಿದ್ದುವು. ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಲಿಂಗಸುಗೂರು ೧೯೦೫ರಲ್ಲಿ ಆ ಪದವಿಯನ್ನು ಕಳೆದುಕೊಂಡಿತು. ೧೯೪೮ರಲ್ಲಿ ನಿಜಾಮರ ಆಳಿಕೆ ಮುಗಿಯಿತು. ೧೯೫೬ರಲ್ಲಿ ರಾಯಚೂರು ಜಿಲ್ಲೆಯು ಕನ್ನಡ ರಾಜ್ಯವನ್ನು ಸೇರಿತು. ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಮಸ್ಕಿಯು ಈಗ ತಾನೇ ತಾಲ್ಲೂಕಿನ ಮುಖ್ಯಸ್ಥಳವಾಗಿದೆ.

ಆದುದರಿಂದ ಇಂದಿನ ಫಲಕವನ್ನು ಅಲಂಕಾರವೆಂದಷ್ಟೇ ಎಣಿಸಲಾಗದು. ಊರ ಜನರ ನುಡಿಯಲ್ಲಿ ಊರ ಹೆಸರನ್ನೇ ಮುಂದಿಟ್ಟು ಬರೆಯುವ ಅವಕಾಶವು ಈ ಪ್ರಾಂತಕ್ಕೆ ಬಹುಕಾಲದ ಮೇಲೆ ಒದಗಿದುದು. ಊರು ಬೆಳೆದಂತೆ ಎಲ್ಲೆಯು ಮುಂದೆ ಸರಿಯುವುದರಿಂದ ಸ್ಥಳವನ್ನು ವಿಚಾರಿಸಿ ಆರಿಸಬೇಕು. ಅಕ್ಷರಗಳು ದೂರದಿಂದಲೇ ಓದಿಸಿಕೊಳ್ಳಬೇಕು. ಅಧಿಕಾರದಲ್ಲಿರುವವರ ಹೆಸರುಗಳು ಊರ ಹೆಸರನ್ನು ಮರೆಮಾಡಿದರೆ, ಮೊಸಂಗಿಯು ಸಹಸ್ರ ವರ್ಷಗಳಿಂದ ಕಲಿಸುತ್ತಿರುವ ಪಾಠವು ವ್ಯರ್ಥವಾದೀತು.