ಕೊಡಗಿನ ಅರಸು ಮತ್ತು ಕಂಪೆನಿಯ ಕರುಣೆ

ಕೊಡಗಿನ ಚಿಕವೀರರಾಜೇಂದ್ರನು ಕ್ರೂರಿಯಾಗಿದ್ದನೆಂಬುದನ್ನು ನಾವು ಅಲ್ಲಗಳೆಯಲಾರೆವು; ಸ್ವಂತ ಬಂಧುಗಳನ್ನೇ ಕೊಲ್ಲಿಸಿದವನು ಆತ. 1834ರ ಏಪ್ರಿಲಿನಲ್ಲಿ ಕಂಪೆನಿಯ ಸೈನ್ಯವು ಮಡಿಕೇರಿಯನ್ನು ಹೊಕ್ಕಾಗ ನೆಮ್ಮದಿಯ ಉಸಿರೆಳೆದವರೂ ಇದ್ದಿರಬೇಕು. ಆದರೆ ಬಿಡಿಸಲು ಬಂದವರು ಹಿಂದಿರುಗಲಿಲ್ಲ. ಪ್ರಜೆಗಳೆಲ್ಲರ ಇಚ್ಛೆಯಂತೆಯೇ ನಾಡನ್ನು ಸೇರಿಸಿಕೊಂಡೆವೆಂದು ಮೇ ತಿಂಗಳಲ್ಲಿ ಸಾರಿದರು. ಎಲ್ಲರನ್ನೂ ಕೇಳಿ ಬಂದವರು ಯಾರೋ ನಾವರಿಯೆವು!

ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅರಸನ ಕಾಲದಲ್ಲಿ ಧಾನ್ಯರೂಪವಾಗಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ತೆರಬೇಕಾಯಿತು. ಹಣ ಕಾಣದ ರೈತನು ಸಾಹುಕಾರನ ಬಾಗಿಲಿಗೆ ಹೋಗಬೇಕಾಯಿತು. 1837ರಲ್ಲಿ ಆ ಸೀಮೆಯ ಜನರೇ ದಂಗೆಯೆದ್ದು ಮಂಗಳೂರಿನವರೆಗೂ ನಡೆದರು. ಅವರು ಮುಂದಿಟ್ಟುಕೊಂಡು ಹೊರಟದ್ದು, ಶ್ರೋತೃಗಳೇ, ಪದಚ್ಯುತನಾದ ಆ ಅರಸನ ವಂಶದವನೇ ತಾನೆಂದು ಹೇಳಿಕೊಂಡ ಒಬ್ಬ ವೇಷಧಾರಿಯನ್ನು.